ಕ್ರೈಸ್ತ ನಂಬಿಕೆ ಮತ್ತು ಇಂದಿನ ಸಂಶಯಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸಭೆಯ (ಅಂದರೆ ಚರ್ಚಿನ) ಯುವಕ ಯುವತಿಯರು, ಅವರ ಕಾಲೇಜಿನ ಗೆಳೆಯರು, ಕೆಲವೊಮ್ಮೆ ಅವರ ತಂದೆ ತಾಯಂದಿರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಕೆಲವು ಯೂಟ್ಯೂಬ್ ವಿಡಿಯೋ ನೋಡಿ ಬಂದವು. ಕೆಲವು ಸಾವಿನ ಮನೆಯಲ್ಲಿ ಹುಟ್ಟಿದವು. ಎಲ್ಲದರ ತೂಕ ಒಂದೇ ಅಲ್ಲ. ಕ್ರೈಸ್ತ ನಂಬಿಕೆ ನಿಂತಿರುವುದು ಯೇಸು ಸತ್ತು ಎದ್ದನು ಎಂಬ ಒಂದು ಘಟನೆಯ ಮೇಲೆ. ಅದಕ್ಕೇ ಆ ಪ್ರಶ್ನೆಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ನಂಬಿಕೆ ಅಂದರೆ ಸಾಕ್ಷಿ ಇಲ್ಲದೆ ಒಪ್ಪಿಕೊಳ್ಳುವುದು ಅಲ್ವಾ?

ಅಲ್ಲ. ಯೇಸುವಿನ ಸುದ್ದಿಯನ್ನು ಊರೂರಿಗೆ ಸಾರಿದ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರಿಕೆಯ 15ನೇ ಅಧ್ಯಾಯ ಓದಿ. ಕ್ರಿಸ್ತನು ಎದ್ದಿಲ್ಲ ಅಂತಾದರೆ ನಮ್ಮ ಬೋಧನೆ ವ್ಯರ್ಥ, ನಿಮ್ಮ ನಂಬಿಕೆಯೂ ವ್ಯರ್ಥ, ನಮ್ಮಷ್ಟು ನಿರ್ಭಾಗ್ಯರು ಬೇರೆ ಇಲ್ಲ ಎಂದು ಬರೆಯುತ್ತಾನೆ. ತಾನು ಸಾರುವ ಸಂಗತಿ ಸುಳ್ಳಾಗುವುದು ಹೇಗೆ ಅಂತ ತಾನೇ ಎದುರಿನವರಿಗೆ ತೋರಿಸಿಕೊಡುತ್ತಾನೆ. ಲೂಕನೂ ಅಷ್ಟೇ. ಕಣ್ಣಾರೆ ಕಂಡವರು ಹೇಳಿದ್ದನ್ನು ಚೆನ್ನಾಗಿ ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇನೆ ಎನ್ನುವುದೇ ಅವನ ಸುವಾರ್ತೆಯ, ಅಂದರೆ ಅವನು ಬರೆದ ಯೇಸುವಿನ ಜೀವನಕಥೆಯ, ಮೊದಲ ಮಾತು.

ಹಾಗಂತ ಗಣಿತದ ಲೆಕ್ಕದಂತೆ ಸಾಬೀತು ಮಾಡಬಹುದು ಅಂತ ನಾನು ಹೇಳುವುದಿಲ್ಲ. ಚರಿತ್ರೆಯ ಯಾವ ಸಂಗತಿಯನ್ನೂ ಹಾಗೆ ಸಾಬೀತು ಮಾಡಲು ಬರುವುದಿಲ್ಲ. ಸಾಕ್ಷಿಯನ್ನು ತೂಗಿ ನೋಡಿ, ಇದನ್ನು ನಂಬಬಹುದು ಅನ್ನಿಸಿದ ಮೇಲೆ ಬದುಕನ್ನೇ ಯೇಸುವಿನ ಕೈಗೆ ಕೊಡುವುದು ನಂಬಿಕೆ.

ಯೇಸು ಎಂಬ ಮನುಷ್ಯ ನಿಜವಾಗಿ ಇದ್ದನಾ?

ಇದ್ದನು. ಈ ವಿಷಯದಲ್ಲಿ ಇತಿಹಾಸಕಾರರಲ್ಲಿ ದೊಡ್ಡ ಭಿನ್ನಾಭಿಪ್ರಾಯವೇ ಇಲ್ಲ. ಅಮೆರಿಕದ ವಿದ್ವಾಂಸ ಬಾರ್ಟ್ ಎರ್ಮನ್ ಕ್ರೈಸ್ತ ನಂಬಿಕೆಯನ್ನು ಬಿಟ್ಟವರು, ಅದನ್ನು ಕಟುವಾಗಿ ಪ್ರಶ್ನಿಸುವವರು. ಯೇಸು ಇದ್ದೇ ಇರಲಿಲ್ಲ ಎನ್ನುವವರಿಗೆ 2012ರಲ್ಲಿ ಒಂದು ಇಡೀ ಪುಸ್ತಕದಲ್ಲಿ ಉತ್ತರ ಕೊಟ್ಟವರೂ ಅವರೇ.

ಬೈಬಲಿನ ಹೊರಗೂ ಸಾಕ್ಷಿ ಇದೆ. ರೋಮಿನ ಇತಿಹಾಸಕಾರ ಟ್ಯಾಸಿಟಸ್ ಸುಮಾರು ಕ್ರಿ.ಶ. 116ರಲ್ಲಿ ಬರೆಯುತ್ತಾ, ಚಕ್ರವರ್ತಿ ತಿಬೇರಿಯನ ಆಳ್ವಿಕೆಯಲ್ಲಿ ರೋಮಿನ ಅಧಿಪತಿ ಪೊಂತ್ಯ ಪಿಲಾತನ ಕೈಯಲ್ಲಿ ಕ್ರಿಸ್ತನಿಗೆ ಮರಣದಂಡನೆ ಆಯಿತು ಎನ್ನುತ್ತಾನೆ. ಕ್ರೈಸ್ತರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಯೆಹೂದಿ ಇತಿಹಾಸಕಾರ ಜೋಸೆಫಸ್ 93ರ ಹೊತ್ತಿಗೆ ಬರೆದ ಗ್ರಂಥದಲ್ಲಿ ಯೇಸುವಿನ ಹೆಸರು ಎರಡು ಕಡೆ ಬರುತ್ತದೆ. ಅದರಲ್ಲಿ ಒಂದು ಭಾಗವನ್ನು ಮುಂದೆ ಕೈಬರಹದಲ್ಲಿ ಪ್ರತಿ ಮಾಡುತ್ತಿದ್ದ ಕ್ರೈಸ್ತರು ತಿದ್ದಿದ್ದಾರೆ. ಅದನ್ನು ಮುಚ್ಚಿಟ್ಟು ವಾದ ಮಾಡಬಾರದು. ಆದರೆ ಇನ್ನೊಂದು ಕಡೆ "ಕ್ರಿಸ್ತನೆನಿಸಿಕೊಂಡ ಯೇಸುವಿನ ತಮ್ಮ ಯಾಕೋಬ" ಎಂಬ ಅರ್ಥದ ಮಾತಿದೆ. ಅದನ್ನು ಬಹುಪಾಲು ವಿದ್ವಾಂಸರು ಜೋಸೆಫಸನದ್ದೇ ಎಂದು ಒಪ್ಪುತ್ತಾರೆ.

ಪಿಲಾತನ ಹೆಸರು ಕೆತ್ತಿದ ಕಲ್ಲು 1961ರಲ್ಲಿ ಕೈಸರೈಯದಲ್ಲಿ ಸಿಕ್ಕಿತು. ಯೋಹಾನನು ಹೇಳುವ ಸಿಲೋವ ಕೊಳದ ಮೆಟ್ಟಿಲುಗಳು 2004ರಲ್ಲಿ ಯೆರೂಸಲೇಮಿನಲ್ಲಿ ಚರಂಡಿ ಕೆಲಸಕ್ಕೆ ಅಗೆಯುವಾಗ ಕಂಡವು. ಇವು ಯಾವುವೂ ಯೇಸು ದೇವರ ಮಗನೆಂದು ಸಾಬೀತು ಮಾಡುವುದಿಲ್ಲ. ಆದರೆ ಸುವಾರ್ತೆಗಳ ಹಿಂದೆ ನಿಜವಾದ ಊರು, ನಿಜವಾದ ಅಧಿಕಾರಿಗಳು ಇದ್ದರು ಎಂದು ತೋರಿಸುತ್ತವೆ.

ಸುವಾರ್ತೆಗಳನ್ನು ಬರೆದದ್ದು ಎಷ್ಟೋ ವರ್ಷ ಆದ ಮೇಲೆ ಅಲ್ವಾ? ಅಷ್ಟರಲ್ಲಿ ಕಥೆ ಬೆಳೆದಿರಬಹುದಲ್ಲ?

ಯೇಸುವಿನ ಮರಣ ಕ್ರಿ.ಶ. 30 ಅಥವಾ 33ರಲ್ಲಿ. ಮಾರ್ಕನ ಸುವಾರ್ತೆ ಸುಮಾರು 70ರ ಹೊತ್ತಿನದು, ಯೋಹಾನನದು ಮೊದಲ ಶತಮಾನದ ಕೊನೆಯದು ಎಂದು ಹೆಚ್ಚಿನ ವಿದ್ವಾಂಸರ ಅಂದಾಜು. ಮಾರ್ಕನ ಮಟ್ಟಿಗೆ ಇದು ಸುಮಾರು ನಲವತ್ತು ವರ್ಷ. ಕಣ್ಣಾರೆ ಕಂಡವರಲ್ಲಿ ಕೆಲವರು ಆಗ ಇನ್ನೂ ಬದುಕಿದ್ದಿರಬಹುದು.

ಇನ್ನೂ ಮುಖ್ಯವಾದ ಸಂಗತಿ ಬೇರೆ ಇದೆ. ಸುವಾರ್ತೆಗಳಿಗಿಂತ ಪೌಲನ ಪತ್ರಿಕೆಗಳು ಹಳೆಯವು. ಕೊರಿಂಥದವರಿಗೆ ಅವನು ಬರೆದದ್ದು 53ರಿಂದ 55ರ ಸುಮಾರಿಗೆ. ಅಲ್ಲಿ ಅವನು "ನನಗೆ ಒಪ್ಪಿಸಿದ್ದನ್ನೇ ನಿಮಗೆ ಒಪ್ಪಿಸಿದ್ದೇನೆ" ಎಂಬ ಅರ್ಥದಲ್ಲಿ ಶುರು ಮಾಡಿ ಒಂದು ಪಟ್ಟಿ ಕೊಡುತ್ತಾನೆ: ಕ್ರಿಸ್ತನು ನಮ್ಮ ಪಾಪಗಳಿಗಾಗಿ ಸತ್ತನು, ಹೂಣಲ್ಪಟ್ಟನು, ಮೂರನೆಯ ದಿನ ಎದ್ದನು, ಕೇಫನಿಗೂ (ಅಂದರೆ ಪೇತ್ರನಿಗೂ) ಆಮೇಲೆ ಹನ್ನೆರಡು ಮಂದಿಗೂ ಕಾಣಿಸಿಕೊಂಡನು. ಇದು ಅವನು ಕಲಿತು ಬಂದ ಮಾತು. ಯಾವಾಗ ಕಲಿತ? ಗಲಾತ್ಯದವರಿಗೆ ಬರೆಯುವಾಗ, ಕ್ರಿಸ್ತನನ್ನು ನಂಬಿದ ಮೂರು ವರ್ಷದ ಮೇಲೆ ಯೆರೂಸಲೇಮಿಗೆ ಹೋಗಿ ಪೇತ್ರನ ಜೊತೆ ಹದಿನೈದು ದಿನ ಇದ್ದೆ, ಯೇಸುವಿನ ತಮ್ಮ ಯಾಕೋಬನನ್ನೂ ಕಂಡೆ ಎನ್ನುತ್ತಾನೆ. ಅಂದರೆ ಈ ಸಾಕ್ಷಿ ಶಿಲುಬೆಯ ಘಟನೆಯಾಗಿ ಕೆಲವೇ ವರ್ಷಗಳ ಒಳಗಿನದು. ಎದ್ದ ಕ್ರಿಸ್ತನ ಮಾತು ತಲೆಮಾರುಗಳು ಕಳೆದ ಮೇಲೆ ಸೇರಿಕೊಂಡದ್ದಲ್ಲ. ಶುರುವಿನಿಂದಲೂ ಇತ್ತು.

ಬೈಬಲಿನ ಪ್ರತಿಗಳಲ್ಲಿ ಲಕ್ಷಗಟ್ಟಲೆ ವ್ಯತ್ಯಾಸ ಇದೆ ಅಂತಾರೆ. ಮೂಲ ಪಾಠ ಕಳೆದುಹೋಗಿಲ್ವಾ?

ವ್ಯತ್ಯಾಸಗಳು ಲಕ್ಷಗಟ್ಟಲೆ ಇರುವುದು ನಿಜ. ಪ್ರತಿಗಳೇ ಅಷ್ಟು ಇವೆ. ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯ ಗ್ರೀಕ್ ಹಸ್ತಪ್ರತಿಗಳು, ತುಂಡುಗಳೂ ಸೇರಿ, 5,000ಕ್ಕೂ ಹೆಚ್ಚು. ನಮ್ಮ ಹಳಗನ್ನಡ ಕಾವ್ಯಗಳ ಓಲೆಗರಿ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಪಾಠಾಂತರ ಗುರುತಿಸಿ ಸಂಪಾದಿಸುತ್ತಾರಲ್ಲ, ಇಲ್ಲೂ ಅದೇ ಕೆಲಸ. ಪ್ರತಿ ಹೆಚ್ಚಾದಷ್ಟೂ ಪಾಠಾಂತರ ಹೆಚ್ಚು. ತಪ್ಪು ಎಲ್ಲಿ ನುಸುಳಿತು ಅಂತ ಹಿಡಿಯುವುದೂ ಅಷ್ಟೇ ಸುಲಭ. ಅವುಗಳಲ್ಲಿ ಬಹುಪಾಲು ಕಾಗುಣಿತದ್ದು ಅಥವಾ ಪದಗಳು ಹಿಂದುಮುಂದಾದದ್ದು.

ದೊಡ್ಡವೂ ಕೆಲವು ಇವೆ. ಮಾರ್ಕನ ಕೊನೆಯ ಹನ್ನೆರಡು ವಚನಗಳು, ಅಂದರೆ 16:9ರಿಂದ 20, ನಾಲ್ಕನೆಯ ಶತಮಾನದ ಎರಡು ಮುಖ್ಯ ಪ್ರತಿಗಳಲ್ಲಿ ಇಲ್ಲ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಕಥೆ ಯೋಹಾನನ ಹಳೆಯ ಪ್ರತಿಗಳಲ್ಲಿ ಇಲ್ಲ. ಯೋಹಾನನ ಮೊದಲ ಪತ್ರಿಕೆ 5:7ರಲ್ಲಿ ತಂದೆ, ವಾಕ್ಯ, ಪವಿತ್ರಾತ್ಮ ಒಂದೇ ಎನ್ನುವ ಮಾತು ಹಳೆಯ ಗ್ರೀಕ್ ಪ್ರತಿಗಳಲ್ಲಿ ಇಲ್ಲವೇ ಇಲ್ಲ. ವಿದ್ವಾಂಸ ಎರಾಸ್ಮಸ್ 1516ರಲ್ಲಿ ಮುದ್ರಿಸಿದ ಗ್ರೀಕ್ ಹೊಸ ಒಡಂಬಡಿಕೆಯಲ್ಲಿ ಅದನ್ನು ಬಿಟ್ಟಿದ್ದ. ಗಲಾಟೆಯಾದ ಮೇಲೆ 1522ರಲ್ಲಿ ಸೇರಿಸಿದ.

ಇದನ್ನು ಮೊದಲ ಸಲ ವಿರೋಧಿಗಳ ಬಾಯಿಂದ ಕೇಳಿದ ಹುಡುಗ, ಸಭೆಯವರು ನನಗೆ ಮೋಸ ಮಾಡಿದರು ಅಂದುಕೊಳ್ಳುತ್ತಾನೆ. ಸಂಡೇ ಸ್ಕೂಲಿನಲ್ಲೇ ಹೇಳಿಬಿಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆಂದರೆ ಹೆದರುವಂಥದ್ದು ಇಲ್ಲೇನೂ ಇಲ್ಲ. ಈ ಮೂರನ್ನೂ ತೆಗೆದಿಟ್ಟು ಓದಿದರೂ ಯೇಸುವಿನ ಮರಣ, ಪುನರುತ್ಥಾನ, ದೈವತ್ವ ಯಾವ ಬೋಧನೆಯೂ ಬೀಳುವುದಿಲ್ಲ.

ಹಳೆಯ ಒಡಂಬಡಿಕೆಯ ಬಗ್ಗೆ ಒಂದು ಮಾತು. 1947ರಲ್ಲಿ ಮೃತ ಸಮುದ್ರದ ಹತ್ತಿರದ ಕುಮ್ರಾನ್ ಗವಿಗಳಲ್ಲಿ ಯೆಶಾಯನ ಇಡೀ ಪುಸ್ತಕದ ಸುರುಳಿ ಸಿಕ್ಕಿತು. ಅದಕ್ಕೆ ಮುಂಚೆ ನಮ್ಮಲ್ಲಿದ್ದ ಹೀಬ್ರೂ ಪ್ರತಿಗಳಿಗಿಂತ ಅದು ಸುಮಾರು ಸಾವಿರ ವರ್ಷ ಹಳೆಯದು. ಸಣ್ಣಪುಟ್ಟ ವ್ಯತ್ಯಾಸಗಳು ಬೇಕಾದಷ್ಟಿವೆ. ಪುಸ್ತಕ ಮಾತ್ರ ಅದೇ.

ನಾಲ್ಕು ಸುವಾರ್ತೆಗಳು ಒಂದಕ್ಕೊಂದು ಹೊಂದುವುದಿಲ್ಲವಲ್ಲ?

ಸಮಾಧಿಯ ಹತ್ತಿರ ಹೋದ ಹೆಂಗಸರು ಯಾರು ಯಾರು, ಅಲ್ಲಿ ಕಂಡ ದೇವದೂತರು ಒಬ್ಬರೋ ಇಬ್ಬರೋ, ಇಂಥ ವಿವರಗಳಲ್ಲಿ ವ್ಯತ್ಯಾಸ ಇದೆ. ಎಲ್ಲವನ್ನೂ ಎಳೆದು ತಂದು ಹೊಂದಿಸುವ ಪುಸ್ತಕಗಳು ಸಿಗುತ್ತವೆ. ನನಗೆ ಆ ಪ್ರಯತ್ನ ಎಲ್ಲ ಕಡೆ ಸರಿಕಾಣುವುದಿಲ್ಲ. ನಾಲ್ವರೂ ಒಂದೇ ಮಾತನ್ನು ಅಕ್ಷರಕ್ಕೆ ಅಕ್ಷರ ಹೇಳಿದ್ದರೆ ಕೂತು ಮಾತಾಡಿಕೊಂಡು ಬರೆದಿದ್ದಾರೆ ಅಂತ ಇದೇ ಜನ ಕೇಳುತ್ತಿದ್ದರು, ಅಲ್ವಾ? ಸಮಾಧಿ ಖಾಲಿ ಇತ್ತು, ಮೊದಲು ನೋಡಿದ್ದು ಹೆಂಗಸರು, ಅವರಲ್ಲಿ ಮಗ್ದಲದ ಮರಿಯಳು ಇದ್ದಳು. ಇದರಲ್ಲಿ ನಾಲ್ವರದ್ದೂ ಒಂದೇ ಮಾತು.

ಯೇಸು ನಿಜವಾಗಿ ಎದ್ದನು ಅನ್ನುವುದಕ್ಕೆ ಏನು ಆಧಾರ?

ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಮೊದಲು ಕ್ರೈಸ್ತರಲ್ಲದ ಇತಿಹಾಸಕಾರರೂ ಬಹುಮಟ್ಟಿಗೆ ಒಪ್ಪುವ ಸಂಗತಿಗಳನ್ನು ನೋಡೋಣ.

ಯೇಸು ಶಿಲುಬೆಯ ಮೇಲೆ ಸತ್ತನು. ಸ್ವಲ್ಪ ಕಾಲದಲ್ಲೇ ಶಿಷ್ಯರು ಎದ್ದ ಯೇಸುವನ್ನು ಕಂಡೆವು ಎಂದು ಸಾರತೊಡಗಿದರು. ಸಭೆಯನ್ನು ಹಿಂಸಿಸುತ್ತಿದ್ದ ಪೌಲನು ತಾನೂ ಕಂಡೆನೆಂದು ಹೇಳಿ ಅದೇ ಸಭೆಯ ಅಪೊಸ್ತಲನಾದ. ಯೇಸು ಬದುಕಿದ್ದಾಗ ಆತನನ್ನು ನಂಬದಿದ್ದ ತಮ್ಮ ಯಾಕೋಬ ಯೆರೂಸಲೇಮಿನ ಸಭೆಗೆ ಮುಖಂಡನಾದ. ಅವನನ್ನು ಕಲ್ಲೆಸೆದು ಕೊಂದದ್ದನ್ನು ಜೋಸೆಫಸ್ ದಾಖಲಿಸಿದ್ದಾನೆ. ಅದು 62ನೇ ಇಸವಿ. ಜರ್ಮನಿಯ ಗೆರ್ಡ್ ಲ್ಯೂಡೆಮನ್ ಪುನರುತ್ಥಾನವನ್ನು ನಂಬದ ವಿದ್ವಾಂಸ. ಪೇತ್ರನಿಗೂ ಶಿಷ್ಯರಿಗೂ ಅಂಥ ಅನುಭವ ಆದದ್ದು ಮಾತ್ರ ಖಚಿತ ಎಂದು ಅವರೂ ಒಪ್ಪಿಕೊಂಡರು. ಅದು ಮನಸ್ಸಿನೊಳಗಿನ ದರ್ಶನ ಅನ್ನುವುದು ಅವರ ವಿವರಣೆ.

ಹಾಗಾದರೆ ಪ್ರಶ್ನೆ ಇಷ್ಟೇ: ಈ ಎಲ್ಲ ಸಂಗತಿಗಳಿಗೆ ಯಾವ ವಿವರಣೆ ಹೊಂದುತ್ತದೆ?

ಶಿಷ್ಯರು ಹೆಣ ಕದ್ದರು ಎಂಬ ಮಾತು ಮತ್ತಾಯನ ಕಾಲದಲ್ಲೇ ಓಡಾಡುತ್ತಿತ್ತು. ಅವನೇ ಅದನ್ನು ಬರೆದಿಟ್ಟಿದ್ದಾನೆ. ಆದರೆ ತಾವೇ ಕಟ್ಟಿದ ಸುಳ್ಳಿಗಾಗಿ ಏಟು, ಜೈಲು, ಸಾವು ಯಾರು ಸಹಿಸುತ್ತಾರೆ? ತಪ್ಪು ತಿಳಿದು ಸಾಯುವವರು ಲೋಕದಲ್ಲಿ ಬೇಕಾದಷ್ಟು ಜನ. ಸುಳ್ಳು ಅಂತ ಗೊತ್ತಿದ್ದೂ ಒಬ್ಬರ ಹಿಂದೆ ಒಬ್ಬರು ಅದನ್ನೇ ಹಿಡಿದುಕೊಂಡು ಸಾಯುವುದು ಬೇರೆ ಮಾತು.

ಮೂರ್ಛೆ ಹೋಗಿದ್ದ ಯೇಸು ಸಮಾಧಿಯ ತಂಪಿಗೆ ಎಚ್ಚರವಾದ ಎನ್ನುವ ವಾದಕ್ಕೆ ಜಾಸ್ತಿ ಹೊತ್ತು ಬೇಡ. ರೋಮಿನ ಸೈನಿಕರಿಗೆ ಕೊಲ್ಲುವ ಕೆಲಸ ಚೆನ್ನಾಗಿ ಗೊತ್ತಿತ್ತು.

ಶಿಲುಬೆಗೇರಿಸಿದವರನ್ನು ಹೂಳುತ್ತಲೇ ಇರಲಿಲ್ಲ, ನಾಯಿ ನರಿಗಳಿಗೆ ಬಿಡುತ್ತಿದ್ದರು, ಆದ್ದರಿಂದ ಸಮಾಧಿಯ ಕಥೆಯೇ ಸುಳ್ಳು ಎಂದು ಕೆಲವರು ವಾದಿಸುತ್ತಾರೆ. ಆದರೆ 1968ರಲ್ಲಿ ಯೆರೂಸಲೇಮಿನ ಉತ್ತರಕ್ಕೆ ಒಂದು ಗೋರಿಯಲ್ಲಿ ಮೊದಲ ಶತಮಾನದ ಅಸ್ಥಿಪೆಟ್ಟಿಗೆ ಸಿಕ್ಕಿತು. ಒಳಗೆ ಮೊಳೆ ಇನ್ನೂ ಕಚ್ಚಿಕೊಂಡಿದ್ದ ಹಿಮ್ಮಡಿಯ ಎಲುಬು. ಶಿಲುಬೆಗೇರಿಸಿದ ಯೆಹೂದಿಯೊಬ್ಬನಿಗೆ ಮನೆಯವರು ಸರಿಯಾಗಿ ಸಂಸ್ಕಾರ ಮಾಡಿದ್ದರು.

ಉಳಿದದ್ದು ಭ್ರಮೆಯ ವಾದ. ಇದು ಎಲ್ಲಕ್ಕಿಂತ ಗಟ್ಟಿ, ಹಗುರವಾಗಿ ತೆಗೆದುಕೊಳ್ಳಬಾರದು. ಸತ್ತವರು ಕಂಡ ಹಾಗಾಗುವುದು ಎಷ್ಟೋ ಮನೆಗಳಲ್ಲಿ ಆಗುತ್ತದೆ. ಗಂಡನನ್ನು ಕಳೆದುಕೊಂಡ ಹೆಂಗಸು ಅವರು ಬಂದು ನಿಂತ ಹಾಗಾಯಿತು ಎನ್ನುತ್ತಾಳೆ. ಆದರೆ ಅವರು ಎದ್ದು ಬಂದಿದ್ದಾರೆ, ಸಮಾಧಿ ಖಾಲಿ ಅಂತ ಯಾರೂ ಹೇಳುವುದಿಲ್ಲ. ಸತ್ತಿದ್ದಾರೆ ಅನ್ನುವ ನೋವೇ ಮತ್ತೆ ಗಟ್ಟಿಯಾಗುತ್ತದೆ. ಅಂದಿನ ಯೆಹೂದ್ಯರಲ್ಲಿ ಹಲವರು ನಿರೀಕ್ಷಿಸಿದ್ದು ಲೋಕದ ಕೊನೆಯಲ್ಲಿ ಎಲ್ಲರೂ ಒಟ್ಟಿಗೆ ಏಳುವುದನ್ನು. ನಡುವೆ ಒಬ್ಬನೇ ಏಳುತ್ತಾನೆ ಎಂಬ ಕಲ್ಪನೆ ಅವರಿಗಿರಲಿಲ್ಲ. ದೇವರು ಕಳುಹಿಸುವ ಬಿಡುಗಡೆಗಾರ, ಅಂದರೆ ಮೆಸ್ಸೀಯನೆಂದು ಹಲವರು ನಂಬಿದ್ದ ಬಾರ್ ಕೊಖ್ಬ ರೋಮನರ ವಿರುದ್ಧ ಬಂಡೆದ್ದು 135ರಲ್ಲಿ ಸತ್ತ. ಅವನು ಎದ್ದನೆಂದು ಯಾರೂ ಸಾರಲಿಲ್ಲ. ನಾಯಕ ಸತ್ತರೆ ಚಳವಳಿ ಮುಗಿಯುತ್ತಿತ್ತು. ಇಲ್ಲಿ ಮುಗಿಯಲಿಲ್ಲ. ಜೊತೆಗೆ ಪೌಲನು ದುಃಖದಲ್ಲಿದ್ದ ಶಿಷ್ಯನಲ್ಲ, ಶತ್ರು. ಅವನಿಗೆ ಯೇಸುವನ್ನು ಕಾಣಬೇಕೆಂಬ ಹಂಬಲ ಎಲ್ಲಿಂದ ಬರಬೇಕು?

ಹೆಂಗಸರ ವಿಷಯಕ್ಕೆ ಬರೋಣ. ಆ ಕಾಲದಲ್ಲಿ ಹೆಂಗಸರ ಸಾಕ್ಷಿಗೆ ಬೆಲೆ ಕಡಿಮೆ. ಜೋಸೆಫಸ್ ಹಾಗೇ ಬರೆದಿದ್ದಾನೆ. ಎರಡನೆಯ ಶತಮಾನದಲ್ಲಿ ಕ್ರೈಸ್ತ ನಂಬಿಕೆಯನ್ನು ಖಂಡಿಸಿದ ಸೆಲ್ಸಸ್, ಇದನ್ನೆಲ್ಲ ನೋಡಿದ್ದು ಒಬ್ಬ ಉನ್ಮಾದದ ಹೆಂಗಸು ಎಂದು ಹೀಯಾಳಿಸಿದ. ಜನ ನಂಬಲೆಂದು ಕಥೆ ಕಟ್ಟುವವನು ಪೇತ್ರನನ್ನೋ ಯೇಸುವನ್ನು ಹೂಳಿದ ಅರಿಮಥಾಯದ ಯೋಸೇಫನನ್ನೋ ಮೊದಲು ಸಮಾಧಿಗೆ ಕಳುಹಿಸುತ್ತಿದ್ದ. ಸುವಾರ್ತೆಗಳು ಮಗ್ದಲದ ಮರಿಯಳನ್ನು ಮುಂದೆ ನಿಲ್ಲಿಸುತ್ತವೆ. ನಡೆದದ್ದು ಹಾಗೇ ಇದ್ದದ್ದರಿಂದ ಬೇರೆ ರೀತಿ ಬರೆಯಲು ಆಗಲಿಲ್ಲ ಎಂದೇ ನಾನು ನಂಬುತ್ತೇನೆ.

ಪಿಂಖಸ್ ಲಾಪಿಡೆ ಎಂಬ ಯೆಹೂದಿ ವಿದ್ವಾಂಸರು ಈ ಆಧಾರಗಳನ್ನೆಲ್ಲ ನೋಡಿ, ದೇವರು ಯೇಸುವನ್ನು ಎಬ್ಬಿಸಿದ್ದು ನಿಜ ಎಂದು ಒಪ್ಪಿದರು. ಕ್ರೈಸ್ತರಾಗಲಿಲ್ಲ, ಯೆಹೂದಿಯಾಗಿಯೇ ಉಳಿದರು. ನಂಬುವ ಮನಸ್ಸಿದ್ದವರಿಗೆ ಮಾತ್ರ ಈ ಸಾಕ್ಷಿ ಕಾಣುತ್ತದೆ ಎನ್ನುವವರು ಅವರನ್ನು ಓದಬೇಕು.

ಸತ್ತವರು ಏಳುವುದಿಲ್ಲ ಅಂತ ವಿಜ್ಞಾನ ಹೇಳುತ್ತದೆ. ಅಲ್ಲಿಗೆ ಮಾತು ಮುಗಿಯಿತಲ್ಲ?

ಸತ್ತವರು ತಾವಾಗಿ ಏಳುವುದಿಲ್ಲ ಅಂತ ಮೊದಲ ಶತಮಾನದವರಿಗೂ ಗೊತ್ತಿತ್ತು. ಅಥೇನೆಯಲ್ಲಿ ಪೌಲನು ಪುನರುತ್ಥಾನದ ಮಾತೆತ್ತಿದ ಕೂಡಲೇ ಕೆಲವರು ನಕ್ಕರು. ಸ್ಕಾಟ್ಲೆಂಡಿನ ದಾರ್ಶನಿಕ ಡೇವಿಡ್ ಹ್ಯೂಮ್ 1748ರಲ್ಲಿ ಇದನ್ನೇ ಗಟ್ಟಿ ವಾದವಾಗಿ ಕಟ್ಟಿದ: ನಿಸರ್ಗದ ನಿಯಮಗಳ ಪರವಾಗಿ ಮನುಷ್ಯರ ಒಟ್ಟು ಅನುಭವ ಇದೆ, ಒಬ್ಬಿಬ್ಬರ ಸಾಕ್ಷಿ ಅದನ್ನು ಮೀರಲಾರದು. ಆದರೆ ಅದು ಎಲ್ಲರ ಅನುಭವ ಎನ್ನಬೇಕಾದರೆ ಅದಕ್ಕೆ ವಿರುದ್ಧವಾದ ಸಾಕ್ಷಿಗಳೆಲ್ಲ ಸುಳ್ಳು ಅಂತ ಮೊದಲೇ ತೀರ್ಮಾನ ಮಾಡಿರಬೇಕು. ವಿಚಾರಣೆಗೆ ಮುಂಚೆ ತೀರ್ಪು ಬರೆದ ಹಾಗಾಯಿತು. ವಿಜ್ಞಾನ ಹೇಳುವುದು, ಹೊರಗಿನಿಂದ ಯಾರೂ ಕೈಹಾಕದಿದ್ದರೆ ನಿಸರ್ಗ ಹೇಗೆ ನಡೆಯುತ್ತದೆ ಅಂತ. ದೇವರು ಇದ್ದಾನೋ, ಕೈಹಾಕಿದನೋ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಸಾಕ್ಷಿಯನ್ನೇ ನೋಡಬೇಕು.

ಎಲ್ಲ ಪವಾಡದ ಕಥೆಗಳನ್ನೂ ಹೀಗೇ ನಂಬಿಬಿಡಬೇಕು ಅಂತ ಇದರ ಅರ್ಥವಲ್ಲ. ಟಿವಿಯಲ್ಲಿ ತೋರಿಸುವ ಗುಣಪಡಿಸುವ ಕೂಟಗಳನ್ನೂ ಇದೇ ಕಟ್ಟುನಿಟ್ಟಿನಿಂದ ಪರೀಕ್ಷಿಸಬೇಕು.

ಯೇಸುವನ್ನು ದೇವರು ಮಾಡಿದ್ದು ಚಕ್ರವರ್ತಿ ಕಾನ್‌ಸ್ಟಂಟೈನ್ ಅಲ್ವಾ?

ತುಂಬ ಜನ ಇದನ್ನು ನಂಬಿದ್ದಾರೆ. ದಾಖಲೆ ನೋಡಿದರೆ ಉಲ್ಟಾ. 325ರಲ್ಲಿ ನೈಸಿಯಾದಲ್ಲಿ ಬಿಷಪರ ಸಭೆ ಕರೆದದ್ದು ಕಾನ್‌ಸ್ಟಂಟೈನ್, ಅದು ನಿಜ. ಅಲ್ಲಿ ಜಗಳ ಇದ್ದದ್ದು ಯೇಸು ಬರೀ ಮನುಷ್ಯನೋ ದೇವರೋ ಅಂತ ಅಲ್ಲ. ಜಗಳಕ್ಕೆ ಕಾರಣನಾದ ಪಾದ್ರಿ ಅರಿಯಸ್ ಕೂಡ ಯೇಸುವನ್ನು ಬರೀ ಮನುಷ್ಯ ಎನ್ನಲಿಲ್ಲ. ಲೋಕಕ್ಕೆ ಮುಂಚೆ ದೇವರು ಸೃಷ್ಟಿಸಿದ ಮಹಾ ಜೀವಿ ಅಂದ. ಸಭೆ ಅದನ್ನು ಒಪ್ಪದೆ, ಮಗನು ತಂದೆಯ ಸ್ವರೂಪವೇ ಅಂತ ಹೇಳಿತು.

ಚಕ್ರವರ್ತಿಯ ಬಲದಿಂದ ಈ ಬೋಧನೆ ಗೆದ್ದಿದ್ದರೆ ಮುಂದಿನ ಕಥೆ ಬೇರೆ ಇರುತ್ತಿತ್ತು. 337ರಲ್ಲಿ ಸಾಯುವ ಮುಂಚೆ ಕಾನ್‌ಸ್ಟಂಟೈನನಿಗೆ ದೀಕ್ಷಾಸ್ನಾನ ಕೊಟ್ಟದ್ದು ಅರಿಯಸನ ಕಡೆಯ ಬಿಷಪ್. ಅವನ ಮಗ ಕಾನ್‌ಸ್ಟಾಂಟಿಯಸ್ ನೈಸಿಯಾದ ತೀರ್ಮಾನದ ವಿರುದ್ಧವಾಗಿದ್ದ. ನೈಸಿಯಾವನ್ನು ಎತ್ತಿ ಹಿಡಿದ ಬಿಷಪ್ ಅಥನಾಸಿಯಸ್ ಐದು ಸಲ ಗಡೀಪಾರಾದ.

ಹಿಂದಕ್ಕೆ ಹೋಗಿ ನೋಡಿ. 112ರ ಸುಮಾರಿಗೆ ರೋಮಿನ ಅಧಿಕಾರಿ ಪ್ಲಿನಿ, ಕ್ರೈಸ್ತರು ಬೆಳಗಿನ ಜಾವ ಸೇರಿ ಕ್ರಿಸ್ತನನ್ನು ದೇವರೆಂಬಂತೆ ಹಾಡುತ್ತಾರೆ ಎಂದು ಚಕ್ರವರ್ತಿ ಟ್ರೇಜನನಿಗೆ ಪತ್ರ ಬರೆದ. ಅದಕ್ಕೂ ಐವತ್ತು ವರ್ಷ ಮುಂಚೆ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ, ದೇವಸ್ವರೂಪನಾಗಿದ್ದವನು ದಾಸನ ರೂಪ ತಾಳಿ ಶಿಲುಬೆಯ ತನಕ ತಗ್ಗಿದನು ಎಂಬ ಹಾಡಿನಂಥ ಸಾಲುಗಳಿವೆ. ಒಬ್ಬನೇ ದೇವರೆಂದು ದಿನಾ ಪಠಿಸುತ್ತಿದ್ದ ಯೆಹೂದ್ಯರೇ ಇದನ್ನು ಹೇಳಿದ್ದು. ಹಗುರವಾಗಿ ಹೇಳಿರಲಾರರು.

ಬೈಬಲಿನ ಪುಸ್ತಕಗಳನ್ನು ಆರಿಸಿದ್ದೂ ಅದೇ ಸಭೆಯಾ?

ಅಲ್ಲ. ನೈಸಿಯಾದ 20 ನಿಯಮಗಳಲ್ಲಿ ಪುಸ್ತಕಗಳ ಮಾತೇ ಇಲ್ಲ. ಇಂದಿನ 27 ಪುಸ್ತಕಗಳ ಪಟ್ಟಿ ಹಾಗೇ ಮೊದಲು ಕಾಣುವುದು 367ರಲ್ಲಿ ಅಥನಾಸಿಯಸ್ ಬರೆದ ಈಸ್ಟರ್ ಪತ್ರದಲ್ಲಿ. ಅಷ್ಟರಲ್ಲಿ ನಾಲ್ಕು ಸುವಾರ್ತೆಗಳೂ ಪೌಲನ ಪತ್ರಿಕೆಗಳೂ ಸಭೆಗಳಲ್ಲಿ ನೆಲೆಯೂರಿ ಬಹಳ ಕಾಲವಾಗಿತ್ತು. ಚರ್ಚೆ ಇದ್ದದ್ದು ಅಂಚಿನ ಕೆಲವು ಪುಸ್ತಕಗಳ ಬಗ್ಗೆ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ಸಿಕ್ಕ, ಬೈಬಲಿಗೆ ಸೇರದ ತೋಮನ ಸುವಾರ್ತೆಯನ್ನು ಯಾರೂ ಬಚ್ಚಿಟ್ಟಿಲ್ಲ. ಅನುವಾದಗಳು ಸಿಗುತ್ತವೆ. ಓದಿ, ಮಾರ್ಕನ ಪಕ್ಕ ಇಟ್ಟು ನೋಡಿ.

ಒಂದರಲ್ಲಿ ಮೂರು, ಮೂರರಲ್ಲಿ ಒಂದು. ತ್ರಯೇಕತ್ವ ಲೆಕ್ಕಕ್ಕೇ ಬರುವುದಿಲ್ಲವಲ್ಲ?

ಮೂರು ದೇವರು ಸೇರಿ ಒಬ್ಬ ದೇವರು ಅಂದರೆ ಲೆಕ್ಕ ತಪ್ಪು. ಸಭೆ ಹಾಗೆ ಹೇಳಿಲ್ಲ. ಒಂದೇ ಸ್ವರೂಪ, ತಂದೆ, ಮಗ, ಪವಿತ್ರಾತ್ಮ ಎಂಬ ಮೂವರು ವ್ಯಕ್ತಿಗಳು ಎನ್ನುತ್ತದೆ. ಒಂದು ಎನ್ನುವುದು ಒಂದು ಅರ್ಥದಲ್ಲಿ, ಮೂರು ಎನ್ನುವುದು ಇನ್ನೊಂದು ಅರ್ಥದಲ್ಲಿ. ಇದು ಪೂರ್ತಿ ಅರ್ಥವಾಗುತ್ತದೆಂದು ಯಾವ ಪಾಸ್ಟರೂ ಹೇಳಬಾರದು. ನೀರು, ಮಂಜುಗಡ್ಡೆ, ಆವಿ ಎಂಬ ಉದಾಹರಣೆ ಮಕ್ಕಳಿಗೆ ಹೇಳುವುದನ್ನು ದಯವಿಟ್ಟು ಬಿಡಿ. ಅದು ಒಬ್ಬನೇ ಮೂರು ರೂಪ ತಾಳುತ್ತಾನೆ ಎಂಬ, ಸಭೆ ಹಿಂದೆಯೇ ತಳ್ಳಿಹಾಕಿದ ಬೋಧನೆಯ ಕಡೆಗೆ ಒಯ್ಯುತ್ತದೆ.

ಪಂಡಿತಾ ರಮಾಬಾಯಿ ಅವರನ್ನು ಇಲ್ಲಿ ನೆನೆಯಬೇಕು. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು, ಸಂಸ್ಕೃತದಲ್ಲಿ ಪಂಡಿತೆ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಆಮೇಲೂ ತ್ರಯೇಕತ್ವದ ಬಗ್ಗೆ, ಕ್ರಿಸ್ತನ ದೈವತ್ವದ ಬಗ್ಗೆ ತಮ್ಮ ಗುರುಗಳ ಜೊತೆ ಪತ್ರಗಳಲ್ಲಿ ಖಡಾಖಂಡಿತವಾಗಿ ವಾದ ಮಾಡಿದರು. ಚರ್ಚು ಹೇಳಿತು ಅನ್ನುವ ಕಾರಣಕ್ಕೆ ಒಪ್ಪಲು ತಯಾರಿರಲಿಲ್ಲ. ಮುಂದೆ ಕ್ರಿಸ್ತನನ್ನು ಗಾಢವಾಗಿ ನಂಬಿ, ಬೈಬಲನ್ನು ಮರಾಠಿಗೆ ಅನುವಾದಿಸಿದರು. ಪ್ರಶ್ನೆ ಕೇಳುವ ಹುಡುಗಿಯರನ್ನು ಸುಮ್ನೆ ಕೂರಿಸುವ ಸಭೆಗಳಿಗೆ ನಾನು ಅವರನ್ನೇ ನೆನಪಿಸುತ್ತೇನೆ.

ಡಾರ್ವಿನ್ ಸರಿಯಾದರೆ ಆದಿಕಾಂಡ ಸುಳ್ಳಾಗುತ್ತದಾ?

ನನ್ನ ತಿಳಿವಳಿಕೆಯಲ್ಲಿ ಇಲ್ಲ. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಅಧ್ಯಾಯವನ್ನು ವಿಜ್ಞಾನದ ಪಾಠವಾಗಿ ಓದಬೇಕಿಲ್ಲ ಎಂಬುದು ಡಾರ್ವಿನ್ ಬಂದ ಮೇಲೆ ಹುಡುಕಿಕೊಂಡ ಉಪಾಯವಲ್ಲ. ಸೂರ್ಯನಿಲ್ಲದೆ ಮೊದಲ ಮೂರು ದಿನ ಹೇಗಾದವು ಎಂದು ಮೂರನೆಯ ಶತಮಾನದಲ್ಲೇ ಕ್ರೈಸ್ತ ಬೋಧಕ ಒರಿಗೆನ್ ಕೇಳಿದ್ದ. ಆಕಾಶ, ನಕ್ಷತ್ರಗಳ ಬಗ್ಗೆ ತಿಳಿದವರ ಮುಂದೆ ಕ್ರೈಸ್ತರು ಬೈಬಲ್ ಹಿಡಿದು ಅಸಂಬದ್ಧ ಮಾತಾಡಿದರೆ ಬೈಬಲಿಗೇ ಅವಮಾನ ಎಂದು ಐದನೆಯ ಶತಮಾನದಲ್ಲಿ ಬಿಷಪ್ ಅಗಸ್ಟಿನ್ ಎಚ್ಚರಿಸಿದ್ದ. ಅಮೆರಿಕದಲ್ಲಿ ಡಾರ್ವಿನನ ಪರವಾಗಿ ನಿಂತ ಸಸ್ಯವಿಜ್ಞಾನಿ ಏಸಾ ಗ್ರೇ ಕ್ರೈಸ್ತ. ವಂಶವಾಹಿ ಶಾಸ್ತ್ರಕ್ಕೆ ಬುನಾದಿ ಹಾಕಿದ ಗ್ರೆಗರ್ ಮೆಂಡೆಲ್ ಸನ್ಯಾಸಿ.

ಬಿಗ್ ಬ್ಯಾಂಗ್ ವಿಚಾರವನ್ನು ಮುಂದಿಟ್ಟ ಜಾರ್ಜ್ ಲೆಮೈತ್ರ ಬೆಲ್ಜಿಯಂನ ಪಾದ್ರಿ. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಆ ಸಿದ್ಧಾಂತವನ್ನು ಸೃಷ್ಟಿಗೆ ಸಾಕ್ಷಿಯೆಂಬಂತೆ ಮಾತಾಡಿದಾಗ ಲೆಮೈತ್ರರಿಗೆ ಅದು ಹಿಡಿಸಲಿಲ್ಲ. ಅವರು ಮಾಡಿದ್ದು ಸರಿ ಎಂದು ನನ್ನ ಭಾವನೆ. ವಿಜ್ಞಾನಕ್ಕೆ ಗೊತ್ತಿಲ್ಲದ ಜಾಗದಲ್ಲಿ ದೇವರನ್ನು ಕೂರಿಸಿದರೆ ನಾಳೆ ಗೊತ್ತಾದಾಗ ಎಬ್ಬಿಸಬೇಕಾಗುತ್ತದೆ. ಗೊತ್ತಿರುವುದೆಲ್ಲಕ್ಕೂ ದೇವರೇ ಆಧಾರ ಎನ್ನುವುದು ನಮ್ಮ ನಂಬಿಕೆ.

ನಮ್ಮ ಸಭೆಗಳಲ್ಲಿ ಆರು ದಿನವನ್ನು ಅಕ್ಷರಶಃ ನಂಬುವ ಹಿರಿಯರು ಬಹಳ ಮಂದಿ. ಅವರು ನನಗೆ ಸಹೋದರರೇ. ಆದರೆ ಬಯಾಲಜಿ ಓದುವ ಹುಡುಗಿಗೆ ಅದೋ ಇದೋ ಒಂದನ್ನು ಆರಿಸಿಕೋ ಅಂತ ಹೇಳಬೇಡಿ ಎಂದು ಅವರಲ್ಲಿ ಕೈಮುಗಿದು ಕೇಳುತ್ತೇನೆ.

ದೇವರನ್ನು ಸೃಷ್ಟಿಸಿದ್ದು ಯಾರು?

ಯಾರೂ ಅಲ್ಲ. ಶುರುವಾದದ್ದಕ್ಕೆ ಕಾರಣ ಬೇಕು ಎನ್ನುತ್ತೇವೆ. ಇರುವುದೆಲ್ಲಕ್ಕೂ ಬೇಕು ಎನ್ನುವುದಿಲ್ಲ.

ದೇವರು ಒಳ್ಳೆಯವನಾದರೆ ಇಷ್ಟು ನೋವು ಯಾಕೆ?

ಕೇಳುವವರು ಯಾರು ಅಂತ ಮೊದಲು ನೋಡಬೇಕು. ಮಗುವನ್ನು ಕಳೆದುಕೊಂಡ ತಾಯಿ ಕೇಳಿದರೆ ಉತ್ತರ ಕೊಡಲು ಹೋಗಬೇಡಿ. ಜೊತೆಗಿರಿ, ಅಡುಗೆ ಮಾಡಿಕೊಡಿ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಅವನ ಜೊತೆ ಮಾತಿಲ್ಲದೆ ಕೂತಿದ್ದಾಗ ಸರಿಯಾಗೇ ಇದ್ದರು. ಬಾಯಿ ಬಿಟ್ಟು ಕಾರಣ ಹೇಳಲು ಹೊರಟ ಮೇಲೆ ಕೆಟ್ಟರು. ಕೊನೆಗೆ ದೇವರು ಸಿಟ್ಟಾದದ್ದು ಅವರ ಮೇಲೆ.

ವಾದವಾಗಿ ಕೇಳುವವರಿಗೆ ಹೇಳುವುದಿದೆ. ಒಳ್ಳೆಯ, ಸರ್ವಶಕ್ತ ದೇವರು ಮತ್ತು ಕೆಡುಕು ಎರಡೂ ಒಟ್ಟಿಗೆ ಇರುವುದು ತರ್ಕಕ್ಕೇ ವಿರುದ್ಧ ಎಂದು ದಾರ್ಶನಿಕ ಜೆ. ಎಲ್. ಮ್ಯಾಕಿ 1955ರಲ್ಲಿ ವಾದಿಸಿದರು. ಕ್ರೈಸ್ತ ದಾರ್ಶನಿಕ ಆಲ್ವಿನ್ ಪ್ಲಾಂಟಿಂಗ 1974ರಲ್ಲಿ ಉತ್ತರ ಕೊಟ್ಟರು: ಸ್ವಂತ ಇಚ್ಛೆ ಇರುವ ಜೀವಿಗಳನ್ನು ಸೃಷ್ಟಿಸಿ, ಅವರು ಎಂದೂ ತಪ್ಪು ಮಾಡದಂತೆ ಒತ್ತಾಯಿಸಲು ದೇವರಿಗೂ ಆಗದು, ಒತ್ತಾಯಿಸಿದರೆ ಅದು ಸ್ವಂತ ಇಚ್ಛೆಯಲ್ಲ. ದೇವರು ಇರುವುದಕ್ಕೂ ಕೆಡುಕು ಇರುವುದಕ್ಕೂ ತರ್ಕದಲ್ಲಿ ವಿರೋಧ ಇರಲೇಬೇಕೆಂದೇನೂ ಇಲ್ಲ ಎಂದು ನಾಸ್ತಿಕ ದಾರ್ಶನಿಕ ವಿಲಿಯಂ ರೋ ಕೂಡ ಒಪ್ಪಿದರು. ಆದರೆ 1979ರಲ್ಲಿ ಅವರು ಇನ್ನೊಂದು ಪ್ರಶ್ನೆ ಇಟ್ಟರು. ಕಾಡ್ಗಿಚ್ಚಿನಲ್ಲಿ ಸಿಕ್ಕ ಜಿಂಕೆಮರಿ ಯಾರ ಕಣ್ಣಿಗೂ ಬೀಳದೆ ದಿನಗಟ್ಟಲೆ ನರಳಿ ಸಾಯುತ್ತದೆ. ಇದರಿಂದ ಯಾರಿಗೆ ಏನು ಒಳಿತು?

ಆ ಜಿಂಕೆಮರಿಗೆ ಕ್ರೈಸ್ತ ನಂಬಿಕೆಯಲ್ಲಿ ಸಿದ್ಧ ಉತ್ತರ ಇಲ್ಲ. 1755ರ ನವೆಂಬರ್ 1ರಂದು ಲಿಸ್ಬನ್‌ನಲ್ಲಿ ಭೂಕಂಪ ಆದಾಗ ಸಕಲ ಸಂತರ ಹಬ್ಬಕ್ಕೆ ಚರ್ಚುಗಳು ತುಂಬಿದ್ದವು, ಅವೇ ಜನರ ಮೇಲೆ ಬಿದ್ದವು. ಯಾಕೆ ಎಂದರೆ ಕಾರಣ ಹೇಳುವ ಧೈರ್ಯ ನನಗಿಲ್ಲ, ಹೇಳುವವರನ್ನು ನಂಬುವುದೂ ಇಲ್ಲ. ನಮಗೆ ಕಾರಣ ಕಾಣದ್ದಕ್ಕೆ ಕಾರಣವೇ ಇಲ್ಲ ಅನ್ನುವಂತಿಲ್ಲ, ಇಷ್ಟು ಮಾತ್ರ ತರ್ಕ ಹೇಳುತ್ತದೆ.

ಬೈಬಲ್ ತರ್ಕದಿಂದ ಆಚೆಗೆ ಹೋಗುತ್ತದೆ. ಅದು ಶಿಲುಬೆಯನ್ನು ತೋರಿಸುತ್ತದೆ. ನನ್ನ ದೇವರೇ, ನನ್ನನ್ನು ಯಾಕೆ ಕೈಬಿಟ್ಟೆ ಎಂದು 22ನೇ ಕೀರ್ತನೆಯ ಮಾತಿನಲ್ಲಿ ಕೂಗಿದವನೇ ನಮ್ಮ ದೇವರು ಎಂದು ನಂಬುತ್ತೇವೆ. ನೋವಿನ ಹೊರಗೆ ನಿಂತು ನೋಡುವ ದೇವರನ್ನು ನಾನು ನಂಬಲಾರೆ. ಮೂರನೆಯ ದಿನ ನಡೆದದ್ದು ನಿಜವಾದರೆ ಸಾವಿಗೆ ಕೊನೆಯ ಮಾತಿಲ್ಲ. ಪುನರುತ್ಥಾನಕ್ಕೆ ಇಷ್ಟು ಜಾಗ ಕೊಟ್ಟದ್ದು ಇದಕ್ಕೇ. ಅದು ನಿಜವಲ್ಲದಿದ್ದರೆ ಸಾವಿನ ಮನೆಯಲ್ಲಿ ನಾವು ಹೇಳುವ ಸಮಾಧಾನಕ್ಕೆ ಬೆಲೆಯಿಲ್ಲ.

ಹಳೆಯ ಒಡಂಬಡಿಕೆಯಲ್ಲಿ ದೇವರೇ ಜನರನ್ನು ಕೊಲ್ಲಿಸುತ್ತಾನಲ್ಲ?

ಕಾನಾನ್ ನಾಡನ್ನು ಹಿಡಿಯಲು ಇಸ್ರೇಲ್ಯರು ಮಾಡಿದ ಯುದ್ಧಗಳು ಓದಲು ಕಷ್ಟ, ಕಷ್ಟವೆನಿಸಬೇಕು ಕೂಡ. ಯೆಹೋಶುವನ ಪುಸ್ತಕ ಎಲ್ಲರನ್ನೂ ನಿರ್ಮೂಲ ಮಾಡಿದರು ಎನ್ನುತ್ತದೆ. ಮುಂದಿನ ಪುಸ್ತಕದ ಮೊದಲ ಅಧ್ಯಾಯದಲ್ಲೇ ಅದೇ ಜನ ಅದೇ ನಾಡಿನಲ್ಲಿ ಬದುಕಿದ್ದಾರೆ. ಆ ಕಾಲದ ರಾಜರು ಯುದ್ಧದ ಬಗ್ಗೆ ಹೀಗೇ ಬರೆಸುತ್ತಿದ್ದರು. ಕ್ರಿ.ಪೂ. 1208ರ ಸುಮಾರಿನ ಈಜಿಪ್ಟಿನ ಮೆರ್ನೆಪ್ಟಾ ಶಾಸನ, ಇಸ್ರೇಲಿನ ಬೀಜವೂ ಉಳಿಯಲಿಲ್ಲ ಎಂದು ಕೊಚ್ಚಿಕೊಳ್ಳುತ್ತದೆ. ಇಸ್ರೇಲ್ ಉಳಿಯಿತು. ಇದರಿಂದ ಕಷ್ಟ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ದೇವರು ಎಂಥವನು ಎಂಬುದಕ್ಕೆ ಕ್ರೈಸ್ತರಿಗೆ ಕೊನೆಯ ಅಳತೆ ಯೇಸು. ಶತ್ರುಗಳನ್ನು ಪ್ರೀತಿಸಿ ಎಂದವನ ಬೆಳಕಿನಲ್ಲೇ ಈ ಪುಟಗಳನ್ನು ಓದಬೇಕು.

ಕ್ರೈಸ್ತರು ಮಾಡಿದ ಅನ್ಯಾಯಗಳ ಬಗ್ಗೆ ಏನು ಹೇಳುತ್ತೀರಿ?

ಅನ್ಯಾಯ ಎಂದೇ ಹೇಳುತ್ತೇನೆ. 1560ರಲ್ಲಿ ಶುರುವಾದ ಗೋವಾದ ಇನ್‌ಕ್ವಿಸಿಷನ್, ಅಂದರೆ ಧರ್ಮದ್ರೋಹದ ಹೆಸರಿನಲ್ಲಿ ಜನರನ್ನು ಶಿಕ್ಷಿಸಿದ ನ್ಯಾಯಮಂಡಳಿ, 1812ರ ತನಕ ನಡೆಯಿತು. ಅಲ್ಲಿಂದ ಓಡಿಬಂದ ಕೊಂಕಣಿಗರು ನಮ್ಮ ಕರಾವಳಿಯಲ್ಲಿ ನೆಲೆಯಾದರು. ಬೈಬಲ್ ಹಿಡಿದೇ ಗುಲಾಮಗಿರಿಯನ್ನು ಸಮರ್ಥಿಸಿದರು. ಬ್ರಿಟನ್ನಿನಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸಲು ಹೋರಾಡಿದ ವಿಲ್ಬರ್‌ಫೋರ್ಸ್ ಕೂಡ ಅದೇ ಬೈಬಲ್ ಹಿಡಿದಿದ್ದ, ನಿಜ. ಒಂದನ್ನು ತೋರಿಸಿ ಇನ್ನೊಂದನ್ನು ಮರೆಸುವುದು ಬೇಡ. ಮನೆಯ ಹತ್ತಿರದ್ದನ್ನೇ ಹೇಳುವುದಾದರೆ, ಸಭೆಯೊಳಗೆ ಜಾತಿ ಇನ್ನೂ ಇದೆ. ಮದುವೆ ಮಾತುಕತೆಯಲ್ಲಿ ಅದು ಬಾಯಿಬಿಡುತ್ತದೆ. ಕ್ರಿಸ್ತನಲ್ಲಿ ಯೆಹೂದ್ಯ, ಗ್ರೀಕ, ದಾಸ, ಸ್ವತಂತ್ರ ಎಂಬ ಭೇದವಿಲ್ಲ ಎಂದು ಓದುವ ಜನ ನಾವು. ನಮ್ಮ ವಿರುದ್ಧ ಸಂಶಯವಾದಿಗಳ ಬಳಿ ಇರುವ ಅತಿ ಬಲವಾದ ವಾದ ಇದೇ. ಇದಕ್ಕೆ ಪುಸ್ತಕದಲ್ಲಿ ಉತ್ತರ ಸಿಗುವುದಿಲ್ಲ, ನಡತೆಯಲ್ಲೇ ಕೊಡಬೇಕು.

ಇದು ವಿದೇಶಿ ಧರ್ಮ ಅಲ್ವಾ?

ಶುರುವಾದದ್ದು ಏಷ್ಯಾದಲ್ಲಿ. ಕೇರಳದ ಕೊಲ್ಲಂನಲ್ಲಿ ಚರ್ಚಿಗೆ ದತ್ತಿ ಕೊಟ್ಟ ತಾಮ್ರಶಾಸನ 849ರದು, ಪೋರ್ಚುಗೀಸರಿಗಿಂತ ಆರು ಶತಮಾನ ಹಿಂದಿನದು. ಕರ್ನಾಟಕಕ್ಕೆ ಪಾಶ್ಚಾತ್ಯ ಮಿಷನರಿಗಳೂ ಬಂದರು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಅದರ ಮೋಗ್ಲಿಂಗ್ ಮಂಗಳೂರು ಸಮಾಚಾರ ಪತ್ರಿಕೆ ತಂದರು, ಕಿಟ್ಟೆಲ್ 1894ರಲ್ಲಿ ನಿಘಂಟು ಕೊಟ್ಟರು. ಆದರೆ ಎಲ್ಲಿಂದ ಬಂತು ಅನ್ನುವುದರಿಂದ ನಿಜವೋ ಸುಳ್ಳೋ ಗೊತ್ತಾಗುವುದಿಲ್ಲ.

ಯೇಸುವಿನ ಹೆಸರೇ ಕೇಳದೆ ಸತ್ತ ನಮ್ಮ ಅಜ್ಜಿಯ ಗತಿ ಏನು?

ಹೊಸದಾಗಿ ನಂಬಿದವರು ಕಣ್ಣೀರು ತುಂಬಿಕೊಂಡು ಕೇಳುವ ಪ್ರಶ್ನೆ ಇದು. ಸರ್ವಲೋಕದ ನ್ಯಾಯಾಧಿಪತಿ ನ್ಯಾಯವನ್ನೇ ಮಾಡುವನಲ್ಲವೇ ಎಂದು ಅಬ್ರಹಾಮನು ದೇವರನ್ನೇ ಕೇಳಿದ. ನಾನು ಅಲ್ಲೇ ನಿಲ್ಲುತ್ತೇನೆ. ತಮ್ಮ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದೆ, ದೇವರನ್ನು ಪ್ರಾಮಾಣಿಕವಾಗಿ ಹುಡುಕಿದವರಿಗೆ ರಕ್ಷಣೆಯ ಬಾಗಿಲು ಮುಚ್ಚಿಲ್ಲ ಎಂದು ಕ್ಯಾಥೋಲಿಕ್ ಸಭೆ 1964ರಲ್ಲಿ ವ್ಯಾಟಿಕನ್ ಮಹಾಸಭೆಯಲ್ಲಿ ಹೇಳಿತು. ಪ್ರೊಟೆಸ್ಟೆಂಟರಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ರಕ್ಷಣೆ ಯೇಸುವಿನಿಂದಲೇ ಎಂದು ನಾನು ಪೂರ್ತಿ ನಂಬುತ್ತೇನೆ. ಆತನ ಕೈ ಎಲ್ಲಿಯವರೆಗೆ ಚಾಚಿದೆ ಎಂದು ಅಳೆಯುವ ಅಧಿಕಾರ ನನಗೆ ಕೊಟ್ಟಿಲ್ಲ. ನಿಮ್ಮ ಅಜ್ಜಿ ನರಕದಲ್ಲಿದ್ದಾರೆ ಎಂದು ಯಾರಾದರೂ ಹೇಳಿದರೆ, ಅದು ಅವರು ಹೇಳಬೇಕಾದ ಮಾತಲ್ಲ.

ನನಗೇ ಸಂಶಯ ಬಂದಿದೆ. ಸಭೆಯಲ್ಲಿ ಹೇಳಬಹುದಾ?

ಹೇಳಿ. ಎದ್ದ ಯೇಸುವಿನ ಗಾಯದ ಗುರುತು ಮುಟ್ಟದೆ ನಂಬುವುದಿಲ್ಲ ಎಂದ ತೋಮನನ್ನು ಉಳಿದ ಶಿಷ್ಯರು ಹೊರಗೆ ಹಾಕಲಿಲ್ಲ. ಎಂಟು ದಿನದ ಮೇಲೆ ಅವನೂ ಅವರ ಜೊತೆಗೇ ಇದ್ದ, ಯೇಸು ಬಂದದ್ದು ಆಗ. ಮೊದಲು ಎಲ್ಲರ ಮುಂದೆ ಬೇಡ ಅನ್ನಿಸಿದರೆ, ಕೇಳಿಸಿಕೊಳ್ಳುವ ತಾಳ್ಮೆ ಇರುವ ಒಬ್ಬ ಅಕ್ಕನನ್ನೋ ಅಣ್ಣನನ್ನೋ ಹುಡುಕಿ. ನಿಮ್ಮ ಪ್ರಶ್ನೆ ಯಾವುದು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಬುದ್ಧಿಗೆ ಬಂದ ಸಂಶಯವೋ, ಸಭೆಯವರಿಂದ ಆದ ಗಾಯವೋ, ಉತ್ತರ ಸಿಗದ ಪ್ರಾರ್ಥನೆಯೋ ಬೇರೆ ಮಾಡಿಕೊಳ್ಳಿ. ಮೂರಕ್ಕೂ ಮದ್ದು ಬೇರೆ ಬೇರೆ.

ಎಲ್ಲಿಂದ ಓದಲು ಶುರು ಮಾಡಲಿ?

ಮಾರ್ಕನ ಸುವಾರ್ತೆಯಿಂದ. ಚಿಕ್ಕದು, ಒಂದೇ ಸಲ ಕೂತು ಓದಿ ಮುಗಿಸಬಹುದು. ವಚನ ವಚನವಾಗಿ ಅಲ್ಲ, ಮೊದಲಿನಿಂದ ಕೊನೆಯ ತನಕ ಒಂದು ಕಥೆಯಂತೆ ಓದಿ. ಆಮೇಲೆ ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 15ನೇ ಅಧ್ಯಾಯ. ವಿರೋಧಿಗಳ ಪುಸ್ತಕಗಳನ್ನೂ ಓದಿ, ವಿಡಿಯೋದ ತುಣುಕುಗಳನ್ನಲ್ಲ, ಪೂರ್ತಿ ಪುಸ್ತಕವನ್ನು. ನಂಬದ ಗೆಳೆಯನೊಬ್ಬ ಜೊತೆಗೆ ಕೂತು ಓದಲು ಸಿಕ್ಕರೆ ಇನ್ನೂ ಒಳ್ಳೆಯದು. ಅವನಿಗೆ ಕಾಣುವ ಕಷ್ಟಗಳು ನಮ್ಮ ಕಣ್ಣಿಗೆ ಬೀಳದೇ ಹೋಗಿರುತ್ತವೆ.